ಇನ್ನೊಬ್ಬನಾಗಿ ಬದುಕಿದವರು

1976ರಲ್ಲಿ ಅಮೆರಿಕದ ಎಫ್‌ಬಿಐನ ನ್ಯೂಯಾರ್ಕ್ ಕಚೇರಿಯಿಂದ ಜೋಸೆಫ್ ಪಿಸ್ಟೋನ್ ಎಂಬ ಹೆಸರೇ ಕಾಣೆಯಾಯಿತು. ಆತನ ಸೇವಾ ಕಡತವನ್ನು ಎತ್ತಿ ಬೇರೆಡೆ ಇಟ್ಟರು. ಯಾರಾದರೂ ಫೋನ್ ಮಾಡಿ ಕೇಳಿದರೆ ಆ ಹೆಸರಿನವರು ಇಲ್ಲಿ ಇಲ್ಲ ಎಂಬ ಉತ್ತರ ಸಿಗುತ್ತಿತ್ತು. ನಿನ್ನೆಯವರೆಗೆ ಪಕ್ಕದ ಮೇಜಿನಲ್ಲಿ ಕೂತಿದ್ದವರಿಗೂ ಆತ ಎಲ್ಲಿಗೆ ಹೋದನೆಂಬುದು ತಿಳಿಯಲಿಲ್ಲ.

ಅದೇ ಹೊತ್ತಿಗೆ ಮ್ಯಾನ್‌ಹಟನ್‌ನ ಕೆಲವು ಬಾರುಗಳಲ್ಲಿ ಡಾನಿ ಬ್ರಾಸ್ಕೊ ಎಂಬ ಹೊಸ ಮುಖ ಕಾಣತೊಡಗಿತು. ಒಬ್ಬನೇ ಬರುತ್ತಿದ್ದ, ಏನಾದರೂ ಕುಡಿದು, ಹಣ ಕೊಟ್ಟು ಎದ್ದು ಹೋಗುತ್ತಿದ್ದ. ತಾನಾಗಿ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಒಡವೆ ಕದಿಯುವವ ಎಂಬುದು ಆತನಿಗೆ ಕಟ್ಟಿಕೊಟ್ಟ ಹಿನ್ನೆಲೆ. ಆ ಕಸುಬನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಒಡವೆ ಕಳ್ಳ ಒಬ್ಬನೇ ಕೆಲಸ ಮಾಡಬಹುದು, ಜೊತೆಗಾರರು ಬೇಕಿಲ್ಲ, ಯಾರನ್ನೂ ಹೊಡೆಯಬೇಕಿಲ್ಲ. ಈ ವೇಷಕ್ಕಾಗಿ ಪಿಸ್ಟೋನ್ ವಜ್ರ, ಹರಳುಗಳ ಗುಣ ಪರೀಕ್ಷಿಸುವುದನ್ನು ಕ್ರಮವಾಗಿ ಕಲಿತ. ತಿಂಗಳುಗಟ್ಟಲೆ ಹೀಗೆ ಕೂತ ಮೇಲೆ, ಒಂದು ರಾತ್ರಿ ಬ್ಯಾಕ್‌ಗ್ಯಾಮನ್ ಆಟದ ನೆಪದಲ್ಲಿ ಅಲ್ಲಿನವರ ಪರಿಚಯವಾಯಿತು. ಆಮೇಲೊಂದು ದಿನ ಒಂದೆರಡು ಒಡವೆಗಳನ್ನು ಬಾರಿನವನ ಮುಂದಿಟ್ಟು, ಇದಕ್ಕೆ ಗಿರಾಕಿ ಸಿಗಬಹುದೇ ಎಂದು ಕೇಳಿದ. ಬಾಗಿಲು ತೆರೆದದ್ದು ಹಾಗೆ.

ಈ ಕಾರ್ಯಾಚರಣೆ ಆರು ತಿಂಗಳಲ್ಲಿ ಮುಗಿಯುತ್ತದೆ ಎಂಬುದು ಮೇಲಧಿಕಾರಿಗಳ ಲೆಕ್ಕವಾಗಿತ್ತು. ಕದ್ದ ಮಾಲು ಕೊಳ್ಳುವವರನ್ನು ಹಿಡಿಯುವುದಷ್ಟೇ ಮೊದಲ ಗುರಿ. ಆದರೆ ಡಾನಿ ಬ್ರಾಸ್ಕೊ 1981ರ ಜುಲೈವರೆಗೆ ಬದುಕಿದ. ನ್ಯೂಯಾರ್ಕಿನ ಐದು ಮಾಫಿಯಾ ಕುಟುಂಬಗಳಲ್ಲಿ ಒಂದಾದ ಬೊನಾನೊ ಕುಟುಂಬದ ಒಡಲೊಳಗೇ ಹೊಕ್ಕ. ಆತ ತಂದ ಸಾಕ್ಷ್ಯದಿಂದ ನೂರಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. 1997ರಲ್ಲಿ ಜಾನಿ ಡೆಪ್ ಮತ್ತು ಅಲ್ ಪಚಿನೊ ಅಭಿನಯದಲ್ಲಿ ಈ ಕಥೆ ಸಿನಿಮಾವಾಗಿ ಲೋಕಕ್ಕೆಲ್ಲ ತಿಳಿಯಿತು. ಮಾರುವೇಷದ ಕೆಲಸ ಮನುಷ್ಯನ ಮನಸ್ಸಿನಿಂದ ಏನನ್ನು ಕೇಳುತ್ತದೆ, ಆ ಮನಸ್ಸು ಎಷ್ಟು ಕಾಲ ತಾಳುತ್ತದೆ ಎಂದು ತಿಳಿಯಲು ಇಷ್ಟು ವಿವರವಾಗಿ ದಾಖಲಾದ ಬದುಕು ಇನ್ನೊಂದು ಸಿಗುವುದು ಕಷ್ಟ.

ಮಫ್ತಿಯಲ್ಲಿ ಸಂತೆಗೆ ಹೋಗಿ ಜೇಬುಗಳ್ಳನನ್ನು ಹಿಡಿದು ಸಂಜೆ ಮನೆಗೆ ಮರಳುವ ಪೊಲೀಸನ ಕೆಲಸವೇ ಬೇರೆ. ಆತ ಅಂಗಿ ಬದಲಿಸುತ್ತಾನೆ, ಹೆಸರು ಬದಲಿಸುವುದಿಲ್ಲ. ದೀರ್ಘಕಾಲದ ಮಾರುವೇಷದವನಿಗೆ ಸಂಜೆ ಎಂಬುದೇ ಇರುವುದಿಲ್ಲ. ನಿದ್ದೆಯಿಂದ ಎಬ್ಬಿಸಿ ಹೆಸರು ಕೇಳಿದರೂ ಸುಳ್ಳು ಹೆಸರೇ ಬಾಯಿಗೆ ಬರಬೇಕು. ಎರಡು ವರ್ಷದ ಹಿಂದೆ ಯಾರಿಗೋ ಹೇಳಿದ ಕಟ್ಟುಕಥೆಯ ಸಣ್ಣ ವಿವರವೂ ಇವತ್ತಿನ ಮಾತಿಗೆ ಹೊಂದಬೇಕು. ಕಂಡದ್ದು, ಕೇಳಿದ್ದು, ತಾರೀಖು, ವಾಹನದ ಸಂಖ್ಯೆ ಎಲ್ಲವನ್ನೂ ಬರೆದುಕೊಳ್ಳದೆ ನೆನಪಿಟ್ಟು, ಮುಂದೆ ನ್ಯಾಯಾಲಯದಲ್ಲಿ ವಕೀಲರ ಸವಾಲಿಗೆ ನಿಲ್ಲುವಂತೆ ಹೇಳಬೇಕು. ಇಷ್ಟೆಲ್ಲ ತಲೆಯೊಳಗೆ ನಡೆಯುತ್ತಿರುವಾಗ ಮುಖದ ಮೇಲೆ ಮಾತ್ರ ಏನೂ ನಡೆಯದಂತೆ ಇಸ್ಪೀಟು ಆಡುತ್ತ ಕೂತಿರಬೇಕು.

ಪಿಸ್ಟೋನ್‌ಗೆ ಕೆಲವು ಅನುಕೂಲಗಳಿದ್ದವು. ಆತ ಇಟಾಲಿಯನ್ ಮೂಲದವ. ನ್ಯೂಜೆರ್ಸಿಯ ಪ್ಯಾಟರ್ಸನ್ ಎಂಬ ದುಡಿಯುವ ಜನರ ಊರಿನಲ್ಲಿ ಬೆಳೆದವ. ಬೀದಿಯ ಪುಂಡರ ಮಾತು, ನಡಿಗೆ, ಮೌನ ಎಲ್ಲವನ್ನೂ ಚಿಕ್ಕಂದಿನಿಂದ ನೋಡಿದ್ದ. ಎಫ್‌ಬಿಐ ಸೇರುವ ಮುನ್ನ ಶಾಲೆಯಲ್ಲಿ ಪಾಠ ಹೇಳಿದ್ದ, ನೌಕಾಪಡೆಯ ಗುಪ್ತಚರ ವಿಭಾಗದಲ್ಲಿ ದುಡಿದಿದ್ದ. ಭಾರೀ ಲಾರಿ, ಬುಲ್ಡೋಜರ್ ಓಡಿಸಬಲ್ಲವನಾಗಿದ್ದರಿಂದ ಎಫ್‌ಬಿಐ ಸೇರಿದ ಮೇಲೆ, ಡಾನಿಯಾಗುವ ಮುನ್ನ, ಫ್ಲಾರಿಡಾದಲ್ಲಿ ವಾಹನ ಕಳ್ಳರ ಜಾಲವೊಂದರೊಳಗೆ ಹೋಗಿ ಬಂದಿದ್ದ. ಆದರೆ ಆತ ತಾನೇ ಮತ್ತೆ ಮತ್ತೆ ಒತ್ತಿ ಹೇಳುವ ಅನುಕೂಲ ಬೇರೊಂದು. ಡಾನಿಯ ಸ್ವಭಾವವನ್ನು ಪಿಸ್ಟೋನ್ ತನ್ನದೇ ಸ್ವಭಾವಕ್ಕೆ ಹತ್ತಿರವಾಗಿ ಇಟ್ಟುಕೊಂಡ. ಡಾನಿಯೂ ಹೆಚ್ಚು ಕುಡಿಯುವುದಿಲ್ಲ, ಡಾನಿಯೂ ವ್ಯಾಯಾಮ ಮಾಡುತ್ತಾನೆ, ಡಾನಿಯೂ ಮಿತಭಾಷಿ. ಸುಳ್ಳು ಹೇಳಬೇಕಾದಲ್ಲಿ ಮಾತ್ರ ಸುಳ್ಳು, ಉಳಿದೆಲ್ಲ ನಿಜ. ಹೀಗಾಗಿ ನೆನಪಿಡಬೇಕಾದ ಸುಳ್ಳುಗಳೂ ಕಡಿಮೆಯಾದವು, ಮರಳಿ ಬರುವಾಗ ಕಳಚಬೇಕಾದ ಪದರಗಳೂ ಕಡಿಮೆಯಾದವು. ಈ ಕೆಲಸದಲ್ಲಿ ಗೆದ್ದವರ ಅನುಭವಗಳನ್ನು ಓದಿದರೆ, ಅಪ್ರತಿಮ ನಟರಿಗಿಂತ ತಮ್ಮತನವನ್ನು ಆದಷ್ಟು ಕಡಿಮೆ ಬದಲಿಸಿದವರೇ ಹೆಚ್ಚು ಕಾಲ ಬಾಳಿದ್ದು ಕಾಣುತ್ತದೆ.

ಪ್ರಾಣಾಪಾಯದ ಗಳಿಗೆಗಳು ಬಾರದೇ ಇರಲಿಲ್ಲ. ಆರಂಭದಲ್ಲಿ ಕೊಲಂಬೊ ಕುಟುಂಬದ ಒಂದು ತಂಡದ ಜೊತೆಗಿದ್ದಾಗ, ಆತನನ್ನು ಕೋಣೆಯೊಂದರಲ್ಲಿ ಕೂರಿಸಿ, ನಿನ್ನನ್ನು ಬಲ್ಲವರ ಹೆಸರು ಹೇಳು ಎಂದು ಪಟ್ಟು ಹಿಡಿದರು. ಎದುರಿಗಿದ್ದವನ ಬಳಿ ಪಿಸ್ತೂಲಿತ್ತು. ಆತ ಕೊಟ್ಟ ಹೆಸರಿನವನನ್ನು ಫೋನಿನಲ್ಲಿ ಹುಡುಕಿ ಉತ್ತರ ಬರುವವರೆಗೆ ಗಂಟೆಗಟ್ಟಲೆ ಅಲ್ಲೇ ಕಾಯಬೇಕಾಯಿತು. ಉತ್ತರ ಸರಿಯಾಗಿ ಬಂತು. ಇನ್ನೊಮ್ಮೆ, ಬೊನಾನೊ ಕುಟುಂಬದ, ಲೆಫ್ಟಿ ಎಂದೇ ಹೆಸರಾದ ಬೆಂಜಮಿನ್ ರುಜಿಯೆರೊ ಒಂದು ವಾರಪತ್ರಿಕೆಯನ್ನು ಡಾನಿಯ ಮುಂದೆ ಹಿಡಿದ. ಅದರಲ್ಲಿ ಆಬ್‌ಸ್ಕ್ಯಾಮ್ ಎಂಬ ಇನ್ನೊಂದು ಎಫ್‌ಬಿಐ ಕಾರ್ಯಾಚರಣೆಯಲ್ಲಿ ಬಳಸಿದ ವಿಲಾಸಿ ದೋಣಿಯ ಚಿತ್ರವಿತ್ತು. ಫ್ಲಾರಿಡಾದಲ್ಲಿ ಡಾನಿ ಲೆಫ್ಟಿಯನ್ನೂ ಗೆಳೆಯರನ್ನೂ ವಿಹಾರಕ್ಕೆ ಕರೆದೊಯ್ದಿದ್ದ ದೋಣಿಯೇ ಅದು! ಒಂದೇ ದೋಣಿಯನ್ನು ಎರಡು ಕಡೆ ಬಳಸಿದ್ದು ಇಲಾಖೆಯ ಎಡವಟ್ಟು. ಅದಕ್ಕೆ ತಲೆ ಕೊಡಬೇಕಾಗಿದ್ದವನು ಡಾನಿ. ಹಾಗೆ ನೋಡಿದರೆ ನಾವೂ ಎಫ್‌ಬಿಐಗೆ ಟೋಪಿ ಹಾಕಿ ಅದರ ದೋಣಿಯಲ್ಲಿ ಮಜಾ ಮಾಡಿದಂತಾಯಿತಲ್ಲ ಎಂಬ ಧಾಟಿಯಲ್ಲಿ ಮಾತು ತಿರುಗಿಸಿ ಆತ ಪಾರಾದ. ಲೆಫ್ಟಿ ನಂಬಿದ. ನಂಬಲು ಆತನಿಗೂ ಮನಸ್ಸಿತ್ತು ಎಂಬುದೇ ಇಲ್ಲಿ ಮುಖ್ಯ. ಡಾನಿ ಪೊಲೀಸಾಗಿದ್ದರೆ, ಅವನನ್ನು ಒಳಗೆ ಕರೆತಂದ ತಪ್ಪಿಗೆ ಲೆಫ್ಟಿಯ ತಲೆಯೂ ಉರುಳಬೇಕಿತ್ತು.

ಇಂಥ ಭಯವನ್ನು ಮನುಷ್ಯ ಸಹಿಸಬಲ್ಲ. ಭಯ ಬರುತ್ತದೆ, ಗಳಿಗೆ ಕಳೆದ ಮೇಲೆ ಇಳಿಯುತ್ತದೆ. ಇಳಿಯದೆ ಉಳಿಯುವುದು ಸ್ನೇಹ.

ಲೆಫ್ಟಿ ಡಾನಿಗೆ ತನ್ನ ಲೋಕದ ರೀತಿರಿವಾಜು ಹೇಳಿಕೊಟ್ಟ. ಹಣ ಹೇಗೆ ಹಂಚಬೇಕು, ಯಾರ ಮುಂದೆ ಹೇಗೆ ನಿಲ್ಲಬೇಕು, ಯಾವ ಮಾತು ಆಡಬಾರದು ಎಂಬುದನ್ನೆಲ್ಲ ಕಲಿಸಿದ. ಮನೆಗೆ ಕರೆದ, ಊಟ ಹಾಕಿದ. ಅವನ ಮೇಲಿನ ನಾಯಕ ಡೊಮಿನಿಕ್ ನಪೊಲಿಟಾನೊ, ಎಂದರೆ ಸನ್ನಿ ಬ್ಲ್ಯಾಕ್, ಬ್ರೂಕ್ಲಿನ್‌ನ ತನ್ನ ಬಾರಿನ ಮೇಲಿನ ಮಹಡಿಯಲ್ಲಿ ವಾಸಿಸುತ್ತಿದ್ದ. ಛಾವಣಿಯ ಮೇಲೆ ಪಾರಿವಾಳ ಸಾಕಿದ್ದ. ಡಾನಿ ಆ ಮನೆಯಲ್ಲಿ ಉಳಿದುಕೊಂಡದ್ದುಂಟು, ಪಾರಿವಾಳಗಳ ನಡುವೆ ಸನ್ನಿ ಮನಸ್ಸು ಬಿಚ್ಚಿ ಮಾತಾಡಿದ್ದುಂಟು. ಕೊಲೆ ಮಾಡಿ ಬಂದ ಕೈಯೇ ತಟ್ಟೆಗೆ ಊಟ ಬಡಿಸುತ್ತದೆ. ಆ ಊಟದಲ್ಲಿ ಪ್ರೀತಿ ಇರುವುದಿಲ್ಲ ಎಂದುಕೊಳ್ಳುವುದು ಹೊರಗೆ ಕೂತ ನಮಗೆ ಸುಲಭ. ಒಳಗಿದ್ದವನಿಗೆ ಆ ಅನುಕೂಲವಿಲ್ಲ.

1981ರ ಮೇ ತಿಂಗಳಲ್ಲಿ ಬೊನಾನೊ ಕುಟುಂಬದೊಳಗಿನ ಜಗಳದಲ್ಲಿ ಮೂವರು ನಾಯಕರ ಕೊಲೆಯಾಯಿತು. ತಪ್ಪಿಸಿಕೊಂಡ ಒಬ್ಬನನ್ನು ಮುಗಿಸುವ ಕೆಲಸವನ್ನು ಸನ್ನಿ ಡಾನಿಗೆ ಒಪ್ಪಿಸಿದ. ಡಾನಿಯನ್ನು ಕುಟುಂಬದ ದೀಕ್ಷಿತ ಸದಸ್ಯನನ್ನಾಗಿ ಮಾಡುವ ಮಾತೂ ನಡೆದಿತ್ತು. ಪಿಸ್ಟೋನ್‌ಗೆ ಇನ್ನೂ ಕೆಲವು ತಿಂಗಳು ಒಳಗೇ ಇರುವ ಆಸೆ. ಎಫ್‌ಬಿಐ ಏಜೆಂಟೊಬ್ಬ ಮಾಫಿಯಾ ದೀಕ್ಷೆ ಪಡೆದರೆ ಆ ಸಂಘಟನೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ ಎಂಬುದು ಆತನ ವಾದ. ಮೇಲಧಿಕಾರಿಗಳು ಒಪ್ಪಲಿಲ್ಲ. ಜುಲೈ ಕೊನೆಯಲ್ಲಿ ಆತನನ್ನು ಹೊರಗೆಳೆದರು. ಈ ನಿರ್ಧಾರವನ್ನು ಪಿಸ್ಟೋನ್ ಆಮೇಲೂ ಒಪ್ಪಲಿಲ್ಲವಾದರೂ ತೂಗಿ ನೋಡಿದರೆ ಇಲಾಖೆ ಮಾಡಿದ್ದೇ ಸರಿ. ಯಾವಾಗ ನಿಲ್ಲಿಸಬೇಕೆಂದು ನಿರ್ಧರಿಸುವ ಶಕ್ತಿಯನ್ನೇ ಐದು ವರ್ಷದ ಈ ಬದುಕು ಮೊದಲು ಕಸಿದುಕೊಳ್ಳುತ್ತದೆ. ಅದನ್ನು ಹೊರಗಿನವರೇ ಮಾಡಬೇಕು.

ಕೆಲವೇ ದಿನಗಳಲ್ಲಿ ಎಫ್‌ಬಿಐ ಅಧಿಕಾರಿಗಳು ಸನ್ನಿಯ ಬಳಿಗೆ ಹೋಗಿ, ತಮ್ಮ ಜೊತೆ ನಿಂತ ಡಾನಿಯ ಚಿತ್ರ ತೋರಿಸಿದರು. ಆಗಸ್ಟ್ 17ರಂದು ಸನ್ನಿಗೆ ಒಂದು ಸಭೆಗೆ ಕರೆ ಬಂತು. ಹೊರಡುವ ಮುನ್ನ ತನ್ನ ಒಡವೆ, ಬೀಗದ ಕೈಗಳನ್ನು ಬಾರಿನವನಿಗೆ ಕೊಟ್ಟು ಹೋದನಂತೆ. ಅವನ ಶವ ಸಿಕ್ಕಿದ್ದು ಒಂದು ವರ್ಷದ ನಂತರ, ಸ್ಟೇಟನ್ ದ್ವೀಪದಲ್ಲಿ. ಲೆಫ್ಟಿಯನ್ನೂ ಹೀಗೆಯೇ ಸಭೆಗೆ ಕರೆಸಿಕೊಂಡಿದ್ದರು. ದಾರಿಯಲ್ಲೇ ಎಫ್‌ಬಿಐ ಬಂಧಿಸಿದ್ದರಿಂದ ಜೀವ ಉಳಿಯಿತು. ಆತ ಹತ್ತು ವರ್ಷ ಜೈಲಿನಲ್ಲಿ ಕಳೆದು, ಕ್ಯಾನ್ಸರ್ ಹಿಡಿದು ಹೊರಬಂದು 1994ರಲ್ಲಿ ತೀರಿಕೊಂಡ.

ಪಿಸ್ಟೋನ್‌ಗೆ ಪಶ್ಚಾತ್ತಾಪವಿತ್ತೇ? ಇಲ್ಲ ಎಂದೇ ಆತ ಹೇಳುತ್ತ ಬಂದಿದ್ದಾನೆ. ಅವರು ಕೊಲೆಗಡುಕರು, ನಾನು ಪೊಲೀಸ್, ಗೊತ್ತಾಗಿದ್ದರೆ ನನ್ನನ್ನೂ ಕೊಲ್ಲುತ್ತಿದ್ದರು ಎಂಬ ನೇರ ಲೆಕ್ಕ ಆತನದು. ಆದರೆ ಸನ್ನಿಯ ಬಗ್ಗೆ ಬರೆಯುವಾಗ ಆ ಸಲಿಗೆ ಆತನ ಮಾತಿನಲ್ಲಿ ಮರೆಯಾಗುವುದಿಲ್ಲ. ಎರಡೂ ನಿಜವಿರಬಹುದು. ಆ ಎರಡನ್ನೂ ಒಟ್ಟಿಗೆ ಹೊರಲು ಸಾಧ್ಯವಾದದ್ದರಿಂದಲೇ ಆತ ಒಡೆದುಹೋಗಲಿಲ್ಲ ಎನಿಸುತ್ತದೆ.

ಬೆಲೆ ತೆತ್ತದ್ದು ಮನೆ. ಪಿಸ್ಟೋನ್‌ಗೆ ಹೆಂಡತಿ, ಮೂವರು ಹೆಣ್ಣುಮಕ್ಕಳು. ಆತ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂಬುದು ಅವರಿಗೂ ಸರಿಯಾಗಿ ತಿಳಿದಿರಲಿಲ್ಲ. ತಿಂಗಳುಗಳ ನಂತರ ಒಂದೆರಡು ದಿನಕ್ಕೆಂದು ಬಂದವನು ಅಪರಿಚಿತನಂತೆ ಕಾಣುತ್ತಿದ್ದ. ಹೆಂಡತಿ ರಸ್ತೆ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡಾಗ ಕೆಲವು ದಿನ ಮಾತ್ರ ಬಳಿಯಿದ್ದು ಮತ್ತೆ ಡಾನಿಯಾಗಲು ಹೋದ. ಕಾರ್ಯಾಚರಣೆ ಮುಗಿದ ಮೇಲೆ ಮಾಫಿಯಾ ಆತನ ತಲೆಗೆ 5 ಲಕ್ಷ ಡಾಲರ್ ಬೆಲೆ ಕಟ್ಟಿತು. ಇಡೀ ಸಂಸಾರ ಬೇರೆ ಊರಿನಲ್ಲಿ ಬೇರೆ ಹೆಸರಿನಲ್ಲಿ ಬದುಕಬೇಕಾಯಿತು. ವೇಷ ಹಾಕಿದ್ದು ಒಬ್ಬ, ಹೆಸರು ಕಳೆದುಕೊಂಡದ್ದು ಐವರು. ಇಷ್ಟಕ್ಕೆಲ್ಲ ಇಲಾಖೆ ಕೊಟ್ಟ ಬಹುಮಾನ 500 ಡಾಲರ್.

ಕಾರ್ಯಾಚರಣೆಯ ಒಳಗಿನ ಒಂಟಿತನ ಎಂಥದೆಂದು ತಿಳಿಯಲು ವಿಲಿಯಂ ಕ್ವೀನ್ ಎಂಬ ಇನ್ನೊಬ್ಬ ಏಜೆಂಟನ ಅನುಭವ ನೋಡಬೇಕು. ಮದ್ಯ, ತಂಬಾಕು, ಬಂದೂಕುಗಳ ಅಪರಾಧ ನೋಡಿಕೊಳ್ಳುವ ಎಟಿಎಫ್ ಎಂಬ ಅಮೆರಿಕದ ಸಂಸ್ಥೆಯ ಅಧಿಕಾರಿ ಆತ. 1998ರಿಂದ 2000ದವರೆಗೆ ಬಿಲ್ಲಿ ಸೇಂಟ್ ಜಾನ್ ಎಂಬ ಹೆಸರಿನಲ್ಲಿ ಕ್ಯಾಲಿಫೋರ್ನಿಯಾದ ಮಂಗೋಲ್ಸ್ ಎಂಬ ಹಿಂಸಾಚಾರಿ ಬೈಕರ್ ಗುಂಪಿನಲ್ಲಿದ್ದ. ಆ ನಡುವೆ ಆತನ ತಾಯಿ ತೀರಿಕೊಂಡಳು. ಮಣ್ಣು ಮಾಡಿ ಮರಳಿದಾಗ ಇಲಾಖೆಯ ಸಹೋದ್ಯೋಗಿಗಳಲ್ಲಿ ಯಾರೂ ಒಂದು ಸಾಂತ್ವನದ ಮಾತು ಆಡಲಿಲ್ಲ ಎಂದು ಆತ ಬರೆದಿದ್ದಾನೆ. ಆಮೇಲೆ ಗುಂಪಿನವರ ಬಳಿ ಹೋದ. ಸುದ್ದಿ ತಿಳಿದಿದ್ದ ಆ ಒರಟು ಗಂಡಸರು ಒಬ್ಬೊಬ್ಬರಾಗಿ ಬಂದು ಅಪ್ಪಿಕೊಂಡರು. ಅವರನ್ನೇ ಜೈಲಿಗೆ ಕಳಿಸಲು ಆತ ಅಲ್ಲಿದ್ದ, ಕಳಿಸಿದ ಕೂಡ. ಈ ಪ್ರಸಂಗದಲ್ಲಿ ಅಪರಾಧಿಗಳ ಒಳ್ಳೆಯತನಕ್ಕಿಂತ ಇಲಾಖೆಯ ಗೈರುಹಾಜರಿಯೇ ಎದ್ದು ಕಾಣುತ್ತದೆ. ತನ್ನ ಮನುಷ್ಯನ ದುಃಖದಲ್ಲಿ ಜೊತೆ ನಿಲ್ಲದ ಸಂಸ್ಥೆ, ಅವನನ್ನು ತಾನೇ ಆಚೆಯ ಕಡೆಗೆ ತಳ್ಳುತ್ತಿರುತ್ತದೆ.

ಇದೇ ಸಂಸ್ಥೆಯ ಜೇ ಡಾಬಿನ್ಸ್ 2001ರಿಂದ ಸುಮಾರು ಎರಡು ವರ್ಷ ಅರಿಜೋನಾದಲ್ಲಿ ಹೆಲ್ಸ್ ಏಂಜಲ್ಸ್ ಗುಂಪಿನೊಳಗೆ 'ಬರ್ಡ್' ಎಂಬ ಹೆಸರಿನಲ್ಲಿದ್ದ. ಅವರ ಪೂರ್ಣ ನಂಬಿಕೆ ಗಳಿಸಲು ಎದುರಾಳಿ ಗುಂಪಿನವನೊಬ್ಬನನ್ನು ಕೊಂದಂತೆ ನಾಟಕವಾಡಿ, ನೆಲಕ್ಕೆ ಬಿದ್ದ 'ಶವ'ದ ಚಿತ್ರ ತೆಗೆದು ತೋರಿಸಿದ. ತೋಳು ತುಂಬ ಹಚ್ಚೆ, ಒರಟು ಮಾತು, ನಿದ್ದೆಗೆಟ್ಟ ರಾತ್ರಿಗಳು. ಮನೆಗೆ ಬಂದಾಗಲೂ ಬರ್ಡ್ ಹೊರಗೆ ನಿಲ್ಲಲಿಲ್ಲ, ಹೆಂಡತಿ ಮಕ್ಕಳ ಮುಂದೆ ಕೂತದ್ದು ಬರ್ಡ್‌ನೇ ಎಂದು ಆತ ತನ್ನ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. 2008ರ ಆಗಸ್ಟಿನಲ್ಲಿ ಆತನ ಮನೆಗೆ ಬೆಂಕಿ ಬಿತ್ತು. ಹೆಂಡತಿ ಮಕ್ಕಳು ಹೇಗೋ ಪಾರಾದರು. ಸಂಸ್ಥೆ ತನ್ನ ಕುಟುಂಬವನ್ನು ಕಾಪಾಡಲಿಲ್ಲ ಎಂದು ಡಾಬಿನ್ಸ್ ತಾನು ದುಡಿದ ಸರ್ಕಾರದ ವಿರುದ್ಧವೇ ನ್ಯಾಯಾಲಯಕ್ಕೆ ಹೋದ.

ಬರ್ಡ್ ಮನೆಯೊಳಗೂ ಬಂದದ್ದು ಡಾಬಿನ್ಸ್ ಒಬ್ಬನ ದೌರ್ಬಲ್ಯವಲ್ಲ. ಕೆನಡಾದ ಒಟ್ಟಾವ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮಿಶೆಲ್ ಜಿರೋಡೊ ದಶಕಗಳ ಕಾಲ ಮಾರುವೇಷದ ಪೊಲೀಸರನ್ನು ಅಭ್ಯಾಸ ಮಾಡಿದವರು. ಸುಳ್ಳು ಗುರುತು ಕರೆಯದೆಯೇ ಮೇಲೆದ್ದು ಬರುವುದನ್ನು ಅವರೂ ಅವರ ಸಂಗಡಿಗರೂ ದಾಖಲಿಸಿದರು. ವೇಷ ಕಳಚಿದ ಎಷ್ಟೋ ದಿನಗಳ ಮೇಲೆ, ಹೋಟೆಲಿನಲ್ಲಿ ಯಾರೋ ಹೆಸರು ಕೇಳಿದಾಗ, ಹಳೆಯ ಕಸುಬಿನ ಮಾತು ಬಂದಾಗ, ಇದ್ದಕ್ಕಿದ್ದಂತೆ ಆ ಇನ್ನೊಬ್ಬನೇ ಉತ್ತರ ಕೊಟ್ಟುಬಿಡುತ್ತಾನೆ. ಮಾದಕ ವಸ್ತು ಜಾಲಗಳೊಳಗೆ ಕೆಲಸ ಮಾಡಿದವರ ಬಗ್ಗೆ ಅವರು ಕಂಡುಕೊಂಡ ಇನ್ನೊಂದು ಸಂಗತಿ ಪೊಲೀಸ್ ವಲಯದ ಸಾಮಾನ್ಯ ನಂಬಿಕೆಯನ್ನೇ ಅಲುಗಿಸುತ್ತದೆ. ಅನುಭವ ಹೆಚ್ಚಾದಂತೆ ಮನುಷ್ಯ ಗಟ್ಟಿಯಾಗುತ್ತಾನೆ ಎಂದು ನಾವು ಭಾವಿಸುತ್ತೇವೆ. ಇಲ್ಲಿ ಹಾಗಿಲ್ಲ. ವೇಷದ ಅನುಭವ ಹೆಚ್ಚಿದಷ್ಟೂ ಕುಡಿತ, ಮಾದಕ ವ್ಯಸನ, ಶಿಸ್ತು ತಪ್ಪುವ ಅಪಾಯ ಏರುತ್ತದೆ. ಮಾತಿನಲ್ಲಿ ಜನರನ್ನು ಗೆಲ್ಲುವ, ಸಾಹಸಕ್ಕೆ ಮುನ್ನುಗ್ಗುವ ಸ್ವಭಾವದವರನ್ನೇ ಈ ಕೆಲಸಕ್ಕೆ ಆರಿಸುತ್ತಾರೆ. ಒಳಗಿನ ಲೋಕದ ಆಮಿಷಗಳು ಬೇಗ ತಟ್ಟುವುದೂ ಅದೇ ಸ್ವಭಾವಕ್ಕೆ.

ಆ ಇನ್ನೊಬ್ಬ ಕೊನೆಗೂ ಬಿಟ್ಟುಹೋಗದೆ ಉಳಿದದ್ದೂ ಉಂಟು. ಎಪ್ಪತ್ತರ ದಶಕದ ಕೊನೆಯಲ್ಲಿ ಮಯಾಮಿಯಲ್ಲಿ ಅಶ್ಲೀಲ ಚಿತ್ರಗಳ ದಂಧೆಯೊಳಗೆ ಎಫ್‌ಬಿಐ ಇಬ್ಬರು ಏಜೆಂಟರನ್ನು ಇಳಿಸಿತ್ತು. ಎರಡೂವರೆ ವರ್ಷ ಕಳೆದು ಬಂಧನಗಳೂ ಆದವು. ಆದರೆ ಇಬ್ಬರಲ್ಲಿ ಒಬ್ಬ ತನ್ನ ಸುಳ್ಳು ಹೆಸರನ್ನು ಬಿಡಲಿಲ್ಲ. ಅದೇ ಹೆಸರಿನ ಬ್ಯಾಂಕ್ ಖಾತೆ ಇಟ್ಟುಕೊಂಡ, ಹಳೆಯ ಅಡ್ಡೆಗಳಿಗೆ ಹೋಗತೊಡಗಿದ. ಕೊನೆಗೆ ಅಂಗಡಿಯಲ್ಲಿ ಬಟ್ಟೆ ಕದ್ದ ಆರೋಪದಲ್ಲಿ ಸಿಕ್ಕಿಬಿದ್ದಾಗ ಪೊಲೀಸರಿಗೆ ಹೇಳಿದ್ದೂ ಆ ಸುಳ್ಳು ಹೆಸರನ್ನೇ. ಸಾಕ್ಷಿಯ ಮಾನಸಿಕ ಸ್ಥಿತಿಯನ್ನೇ ಎದುರು ವಕೀಲರು ಪ್ರಶ್ನಿಸಿದರು, ಹಲವು ಮೊಕದ್ದಮೆಗಳು ಬಿದ್ದುಹೋದವು. ಇಲಾಖೆ ಅವನನ್ನು ಕೆಲಸದಿಂದ ತೆಗೆಯಿತು. ಒಬ್ಬನನ್ನು ಒಳಗೆ ಕಳಿಸಲು ತಿಂಗಳುಗಟ್ಟಲೆ ಸಿದ್ಧತೆ ನಡೆದಿತ್ತು. ಹೊರಗೆ ತರಲು ಯಾವ ಸಿದ್ಧತೆಯೂ ಇರಲಿಲ್ಲ.

ಇಂಥ ಅನುಭವಗಳಿಂದ ಎಫ್‌ಬಿಐ ಪಾಠ ಕಲಿಯಿತು. ಮಾರುವೇಷದವರ ಮನಸ್ಸನ್ನು ನೋಡಿಕೊಳ್ಳಲೆಂದೇ 'ಸೇಫ್‌ಗಾರ್ಡ್' ಎಂಬ ವ್ಯವಸ್ಥೆ ಬಂತು. ಕೆಲಸಕ್ಕೆ ಇಳಿಯುವ ಮುನ್ನ, ನಡುವೆ ಆಗಾಗ, ಮುಗಿದ ಮೇಲೂ ಮನಶ್ಶಾಸ್ತ್ರಜ್ಞರ ಜೊತೆ ಮಾತುಕತೆ, ಪರೀಕ್ಷೆಗಳು ನಡೆಯುತ್ತವೆ. ನಿದ್ದೆ ಹೇಗಿದೆ, ಕುಡಿತ ಎಷ್ಟಿದೆ, ಮನೆಯಲ್ಲಿ ಮಾತು ಉಳಿದಿದೆಯೇ ಎಂಬ ಸಾದಾ ಪ್ರಶ್ನೆಗಳೇ ಹೆಚ್ಚು ಹೇಳುತ್ತವೆ. ಇದರ ಜೊತೆಗೆ ಸಂಪರ್ಕಾಧಿಕಾರಿ ಇರುತ್ತಾನೆ. ಆತ ಮಾಹಿತಿ ಪಡೆಯುವವನಷ್ಟೇ ಅಲ್ಲ. ಒಳಗಿರುವವನನ್ನು ನಿಜವಾದ ಹೆಸರಿನಿಂದ ಕರೆಯುವ, ಮಗಳ ಪರೀಕ್ಷೆ ಹೇಗಾಯಿತು ಎಂದು ಹೇಳುವ ಒಬ್ಬನೇ ಮನುಷ್ಯ ಆತ. ಬಾವಿಗೆ ಇಳಿದವನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಅವನ ಕೈಯಲ್ಲಿರುತ್ತದೆ. ಮನೋಬಲವೆಂದರೆ ಒಬ್ಬನ ಎದೆಗಾರಿಕೆ ಎಂದು ಸಿನಿಮಾಗಳು ನಂಬಿಸಿವೆ. ದಾಖಲೆಗಳು ಹೇಳುವುದು ಬೇರೆ. ಅದು ಮುಂಚೆಯೇ ಕಟ್ಟಿದ, ಹಲವರು ಸೇರಿ ಹಿಡಿದುಕೊಂಡ ಏರ್ಪಾಡು.

ಅಮೆರಿಕದ ಕಸ್ಟಮ್ಸ್ ಅಧಿಕಾರಿ ರಾಬರ್ಟ್ ಮಝೂರ್ ಕಾರ್ಯಾಚರಣೆಯಲ್ಲಿ ಈ ಪೂರ್ವಸಿದ್ಧತೆ ಎದ್ದು ಕಾಣುತ್ತದೆ. ಎಂಬತ್ತರ ದಶಕದಲ್ಲಿ ಬಾಬ್ ಮ್ಯುಸೆಲ್ಲಾ ಎಂಬ ಶ್ರೀಮಂತನಾಗಿ ಆತ ಕೊಲಂಬಿಯಾದ ಕೊಕೇನ್ ದೊರೆಗಳ ಕಪ್ಪುಹಣ ಸಾಗಿಸುವವರ ನಡುವೆ ಸೇರಿಕೊಂಡ. ಸುಳ್ಳು ಹೆಸರಿನಲ್ಲೂ ತನ್ನ ನಿಜ ಹೆಸರಿನ ಮೊದಲಕ್ಷರಗಳನ್ನೇ ಉಳಿಸಿಕೊಂಡಿದ್ದ. ಬಿಸಿಸಿಐ ಎಂದರೆ ನಮಗೆ ಕ್ರಿಕೆಟ್ ಮಂಡಳಿ ನೆನಪಾಗುತ್ತದೆ. ಆಗ ಅದೇ ಹೆಸರಿನ ಒಂದು ಅಂತರರಾಷ್ಟ್ರೀಯ ಬ್ಯಾಂಕಿತ್ತು, ಪಾಕಿಸ್ತಾನದ ಆಘಾ ಹಸನ್ ಅಬೇದಿ 1972ರಲ್ಲಿ ಸ್ಥಾಪಿಸಿದ್ದು. ಆ ಬ್ಯಾಂಕಿನ ಅಧಿಕಾರಿಗಳೂ ಈ ಜಾಲದಲ್ಲಿದ್ದರು. 1988ರ ಅಕ್ಟೋಬರಿನಲ್ಲಿ ಮ್ಯುಸೆಲ್ಲಾನ ಮದುವೆ ಎಂದು ಫ್ಲಾರಿಡಾಕ್ಕೆ ಎಲ್ಲರನ್ನೂ ಆಹ್ವಾನಿಸಿದರು. ವಧುವೂ ಮಾರುವೇಷದ ಅಧಿಕಾರಿಣಿಯೇ. ಮದುವೆಗೆಂದು ಬಂದವರನ್ನು ಬಂಧಿಸಲಾಯಿತು. ಉಡುಗೊರೆ ಹಿಡಿದು ಸಂಸಾರಸಮೇತ ಬಂದ ಅತಿಥಿಗಳ ಮುಖವನ್ನು ಆಮೇಲೆ ನ್ಯಾಯಾಲಯದಲ್ಲಿ, ಸಾಕ್ಷಿಕಟ್ಟೆಯಿಂದ ದಿನಗಟ್ಟಲೆ ನೋಡಬೇಕಾದದ್ದೂ ಆ ಕೆಲಸದ ಭಾಗವೇ. 1991ರಲ್ಲಿ ಆ ಬ್ಯಾಂಕನ್ನು ಹಲವು ದೇಶಗಳು ಸೇರಿ ಮುಚ್ಚಿಸಿದವು.

ಇಲ್ಲಿಯವರೆಗೆ ಹೇಳಿದ್ದು ಅಪರಾಧಿಗಳ ನಡುವೆ ಹೋದವರ ಮಾತು. ವೇಷಧಾರಿಯನ್ನು ನಿರಪರಾಧಿಗಳ ನಡುವೆ ಬಿಟ್ಟರೆ ಏನಾಗುತ್ತದೆಂಬುದನ್ನು ಬ್ರಿಟನ್ ತೋರಿಸಿಕೊಟ್ಟಿತು. ಲಂಡನ್ ಪೊಲೀಸರು 1968ರಲ್ಲಿ ಕಟ್ಟಿದ ಗುಪ್ತ ದಳವೊಂದು ನಲವತ್ತು ವರ್ಷ ಚಳವಳಿಗಾರರ ನಡುವೆ ತನ್ನವರನ್ನು ನೆಡುತ್ತ ಬಂತು. ವರ್ಷಗಟ್ಟಲೆ ಅಲ್ಲೇ ಬದುಕಲು ಹಲವರು ಚಿಕ್ಕ ವಯಸ್ಸಿನಲ್ಲೇ ಸತ್ತ ಮಕ್ಕಳ ಹೆಸರುಗಳನ್ನು ಎತ್ತಿಕೊಂಡರು, ಹೆತ್ತವರಿಗೆ ತಿಳಿಸದೆ. ಕೆಲವರು ಚಳವಳಿಯ ಹೆಣ್ಣುಮಕ್ಕಳೊಂದಿಗೆ ವರ್ಷಾನುಗಟ್ಟಲೆ ಸಂಸಾರವನ್ನೇ ಮಾಡಿದರು. ಒಬ್ಬ ಅಧಿಕಾರಿಗೆ ಹಾಗೆ ಮಗನೂ ಹುಟ್ಟಿದ. ಆ ತಾಯಿಗೆ ತನ್ನ ಸಂಗಾತಿ ಪೊಲೀಸನೆಂದು ತಿಳಿದದ್ದು ದಶಕಗಳ ನಂತರ. ಇನ್ನೊಂದು ಪೊಲೀಸ್ ಘಟಕದ ಮಾರ್ಕ್ ಕೆನಡಿ ಏಳು ವರ್ಷ ಪರಿಸರವಾದಿ ಮಾರ್ಕ್ ಸ್ಟೋನ್ ಆಗಿದ್ದ. 2010ರಲ್ಲಿ ಗೆಳತಿಗೆ ಆತನ ನಿಜ ಹೆಸರಿನ ಪಾಸ್‌ಪೋರ್ಟ್ ಸಿಕ್ಕಿ ಗುಟ್ಟು ಬಯಲಾಯಿತು.

2015ರಲ್ಲಿ ಲಂಡನ್ ಪೊಲೀಸ್ ಇಲಾಖೆ ಏಳು ಮಹಿಳೆಯರ ಕ್ಷಮೆ ಕೇಳಿತು. ಈ ಸಂಬಂಧಗಳು ಮೋಸದವು, ಆ ಮಹಿಳೆಯರ ಮಾನವ ಹಕ್ಕುಗಳ ಉಲ್ಲಂಘನೆ ಎಂದು ಒಪ್ಪಿಕೊಂಡಿತು. ಅದೇ ವರ್ಷ ಸಾರ್ವಜನಿಕ ವಿಚಾರಣೆಯೂ ಆರಂಭವಾಯಿತು. ಅಧಿಕಾರಿಗಳ ಮನಸ್ಸಿನ ನೋವಿನ ಬಗ್ಗೆ ಮಾತಾಡುವಾಗ ಈ ಹೆಂಗಸರನ್ನು ಮರೆತರೆ ಅದು ಅನ್ಯಾಯ. ತಾನು ಪ್ರೀತಿಸಿದ ಮನುಷ್ಯ ಅಸ್ತಿತ್ವದಲ್ಲೇ ಇರಲಿಲ್ಲ ಎಂದು ತಿಳಿದವಳ ನೋವಿಗೆ ಯಾವ ತರಬೇತಿಯೂ ಸಿಕ್ಕಿರಲಿಲ್ಲ, ಯಾವ ಸಂಪರ್ಕಾಧಿಕಾರಿಯೂ ಇರಲಿಲ್ಲ.

ನಮ್ಮ ನಾಡಿಗೂ ಈ ಕೆಲಸದ ಬೆಲೆ ಗೊತ್ತು. 1992ರ ಆಗಸ್ಟ್ 14ರಂದು ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯಲು ಮಾಹಿತಿದಾರನೊಬ್ಬನ ಮಾತು ನಂಬಿ ಹೊರಟ ಎಸ್ಪಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಸಿಬ್ಬಂದಿ ಮೀಣ್ಯಂ ಬಳಿ ಹೊಂಚುದಾಳಿಗೆ ಬಲಿಯಾದರು. ವೀರಪ್ಪನ್ ನಡೆಸಿದ ಡಾ. ರಾಜ್‌ಕುಮಾರ್ ಅಪಹರಣದ 108 ದಿನಗಳನ್ನು ಕನ್ನಡಿಗರು ಮರೆಯುವಂತಿಲ್ಲ. ಬಂದೂಕು ಹಿಡಿದ ಸಾವಿರಾರು ಪೊಲೀಸರು ಕಾಡು ಜಾಲಾಡಿದರೂ ಸಿಗದ ವೀರಪ್ಪನ್‌ನನ್ನು 2004ರ ಅಕ್ಟೋಬರ್ 18ರ ರಾತ್ರಿ ಕಾಡಿನಿಂದ ಹೊರಗೆ ತಂದದ್ದು ವೇಷ. ತಮಿಳುನಾಡಿನ ವಿಶೇಷ ಕಾರ್ಯಪಡೆಯವರು ಆತನ ಸಂಪರ್ಕದವರ ನಡುವೆ ತಮ್ಮವರನ್ನು ಬಿಟ್ಟು ನಂಬಿಕೆ ಬೆಳೆಸಿದ್ದರು. ಕಣ್ಣಿನ ಚಿಕಿತ್ಸೆಗೆಂದು ಆತ ಹತ್ತಿದ ಆಂಬುಲೆನ್ಸನ್ನು ಓಡಿಸುತ್ತಿದ್ದವನೇ ಪೊಲೀಸ್. ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ವಾಹನ ನಿಂತಿತು, ಚಾಲಕ ಇಳಿದು ಓಡಿದ, ಗುಂಡಿನ ಸುರಿಮಳೆಯಾಯಿತು. ಪಡೆಯ ಮುಖ್ಯಸ್ಥರಾಗಿದ್ದ ಕೆ. ವಿಜಯಕುಮಾರ್ ಈ ಕಾರ್ಯಾಚರಣೆಯ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ವೀರಪ್ಪನ್ ಹಿಂದೆ ಕೂತಿರುವಾಗ ಕತ್ತಲಲ್ಲಿ ಆ ಆಂಬುಲೆನ್ಸ್ ಓಡಿಸಿದವನ ಎದೆಬಡಿತವನ್ನು ಓದುಗರು ಊಹಿಸಿಕೊಳ್ಳಬಹುದು.

ಗಡಿಯಾಚೆ ಹೋದವರ ಕಥೆ ಇನ್ನೂ ಕಠಿಣ. ಅವರಿಗೆ ವೇಷ ಕಳಚಿದ ಮೇಲೆ ದೇಶವೂ ಗುರುತು ಹೇಳುವುದಿಲ್ಲ. 1973ರಲ್ಲಿ ಪಾಕಿಸ್ತಾನದಲ್ಲಿ ಸಿಕ್ಕಿಬಿದ್ದ ಪಂಜಾಬಿನ ಕಶ್ಮೀರ್ ಸಿಂಗ್ 35 ವರ್ಷ ಜೈಲಿನಲ್ಲಿದ್ದು 2008ರ ಮಾರ್ಚಿನಲ್ಲಿ ವಾಘಾ ದಾಟಿ ಬಂದ. ಅಲ್ಲಿ ಅಷ್ಟು ವರ್ಷ ಬಾಯಿ ಬಿಡದವನು ಇಲ್ಲಿಗೆ ಬಂದ ಮೇಲೆ, ತಾನು ಬೇಹುಗಾರಿಕೆಗೇ ಹೋದವನೆಂದು ಹೇಳಿದ. 2012ರ ಜೂನ್‌ನಲ್ಲಿ ಮೂರು ದಶಕದ ಸೆರೆವಾಸ ಮುಗಿಸಿ ಬಂದ ಸುರ್ಜೀತ್ ಸಿಂಗ್ ಹೇಳಿದ್ದೂ ಅದನ್ನೇ. ತಾವು ಸಿಕ್ಕಿಬಿದ್ದ ಮೇಲೆ ತಮ್ಮ ಸಂಸಾರವನ್ನು ಯಾರೂ ಸರಿಯಾಗಿ ವಿಚಾರಿಸಲಿಲ್ಲ ಎಂಬ ಕೊರಗು ಇಬ್ಬರದೂ ಆಗಿತ್ತು. ಇಂಥವರನ್ನು ಸರ್ಕಾರಗಳು ಬಹಿರಂಗವಾಗಿ ಒಪ್ಪಿಕೊಳ್ಳಲಾರವು, ಅದು ಅರ್ಥವಾಗುವ ಮಾತು. ಸದ್ದಿಲ್ಲದೆ ಅವರ ಮನೆಗೆ ತಿಂಗಳ ಖರ್ಚು ತಲುಪಿಸಲು, ಮಕ್ಕಳನ್ನು ಓದಿಸಲು ಬಹಿರಂಗ ಒಪ್ಪಿಗೆ ಬೇಕಿಲ್ಲ.

ಪಿಸ್ಟೋನ್ 1986ರಲ್ಲಿ ಎಫ್‌ಬಿಐ ಬಿಟ್ಟ. 1992ರಲ್ಲಿ, ಐವತ್ತು ದಾಟಿದ ಮೇಲೆ, ತನಗಿಂತ ಅರ್ಧ ವಯಸ್ಸಿನವರ ಜೊತೆ ಮತ್ತೆ ಅಕಾಡೆಮಿಯ ತರಬೇತಿ ಪೂರೈಸಿ ಸೇವೆಗೆ ಮರಳಿದ, ನಿವೃತ್ತಿ ವಯಸ್ಸಿನವರೆಗೆ ದುಡಿದ. ಮದುವೆಯೂ ಉಳಿಯಿತು. ಆತನ ಗಟ್ಟಿತನವನ್ನು ಮೆಚ್ಚಬೇಕು. ಆದರೆ ಅವನನ್ನೇ ಮಾದರಿಯಾಗಿ ಮುಂದಿಟ್ಟು ಇನ್ನೊಬ್ಬನನ್ನು ಐದು ವರ್ಷ ಒಳಗೆ ಕಳಿಸುವುದು ತಪ್ಪು. ಇಂದು ನಮ್ಮ ನಗರಗಳಲ್ಲೂ ಮಾದಕ ವಸ್ತು ಜಾಲಗಳ ಬೆನ್ನುಹತ್ತಲು ಎಳೆಯ ಪೊಲೀಸರನ್ನು ಮಫ್ತಿಯಲ್ಲಿ ಬಿಡುತ್ತಾರೆ. ಅವರಿಗೆ ಇಂತಿಷ್ಟೇ ಕಾಲ ಎಂಬ ಮಿತಿ ಮೊದಲೇ ಗೊತ್ತಿರಲಿ. ಬಡ್ತಿಗೂ ವರ್ಗಾವಣೆಗೂ ಸಂಬಂಧವಿಲ್ಲದ ಒಬ್ಬ ಮನೋವೈದ್ಯರ ಬಳಿ ನಿರ್ಭಯವಾಗಿ ಮಾತಾಡುವ ಅವಕಾಶವಿರಲಿ. ಮನೆಯವರಿಗೆ ಕಷ್ಟ ಬಂದಾಗ ಕರೆ ಮಾಡಲು ಇಲಾಖೆಯಲ್ಲಿ ಒಬ್ಬ ಮನುಷ್ಯನ ಹೆಸರು, ಒಂದು ನಂಬರು ಇರಲಿ. ಕಳಿಸುವ ಆದೇಶಕ್ಕೆ ಸಹಿ ಹಾಕುವ ಅಧಿಕಾರಿ ಈ ಮೂರೂ ಇದೆಯೇ ಎಂದು ನೋಡಿದ ಮೇಲೆಯೇ ಸಹಿ ಹಾಕಲಿ.